ಆಂಟೋನಿಯೊ ಇನೋಕಿ: ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿನ ಕುಸ್ತಿಯ ಮಾತು ಬಂದಾಗಲೆಲ್ಲ ಇನೋಕಿ ಅವರ ಬಗ್ಗೆ ಒಂದಷ್ಟು ಪ್ರಶ್ನೆಗಳು ತಪ್ಪದೆ ಎದುರಾಗುತ್ತವೆ. ಮಾತುಕತೆಗಳಲ್ಲಿಯೂ ಪತ್ರಗಳಲ್ಲಿಯೂ ಓದುಗರು ಕೇಳಿದವುಗಳನ್ನು ಆದಷ್ಟು ಅವರದೇ ಮಾತುಗಳಲ್ಲಿ ಇಟ್ಟು ಇಲ್ಲಿ ಉತ್ತರಿಸಲಾಗಿದೆ. ಸರಳವಾದವು ಮೊದಲು, ವಿವಾದದ ವಿಷಯಗಳು ಕೊನೆಗೆ ಬರುತ್ತವೆ.

## ಮೊದಲ ಪರಿಚಯ

ಇನೋಕಿ ಅಂದರೆ ಯಾರು? ಅಲಿ ಜೊತೆ ಕಾದಾಡಿದವರು ಅಂತ ಮಾತ್ರ ಗೊತ್ತು.

ಆಂಟೋನಿಯೊ ಇನೋಕಿ (1943–2022) ಜಪಾನಿನ ವೃತ್ತಿಪರ ಕುಸ್ತಿಪಟು. ಇಂದಿಗೂ ಜಪಾನಿನ ಅತಿ ದೊಡ್ಡ ಕುಸ್ತಿ ಸಂಸ್ಥೆಯಾಗಿರುವ ನ್ಯೂ ಜಪಾನ್ ಪ್ರೊ-ರೆಸ್ಲಿಂಗ್ ಅನ್ನು 1972ರಲ್ಲಿ ಸ್ಥಾಪಿಸಿದವರು ಅವರೇ. 1976ರಲ್ಲಿ ಬಾಕ್ಸಿಂಗ್ ವಿಶ್ವ ಚಾಂಪಿಯನ್ ಮುಹಮ್ಮದ್ ಅಲಿ ಅವರೊಡನೆ 15 ಸುತ್ತುಗಳ ಪಂದ್ಯ ಆಡಿದರು. 1989ರಲ್ಲಿ ಜಪಾನ್ ಸಂಸತ್ತಿನ ಮೇಲ್ಮನೆಗೆ ಆಯ್ಕೆಯಾದರು. 2010ರಲ್ಲಿ ಅಮೆರಿಕದ ಕುಸ್ತಿ ಸಂಸ್ಥೆ ಡಬ್ಲ್ಯುಡಬ್ಲ್ಯುಇಯ ಹಾಲ್ ಆಫ್ ಫೇಮ್ ಸೇರಿದರು. ಇವೆಲ್ಲ ಸಾಧನೆಗಳ ಹಿಂದೆ ಇದ್ದದ್ದು ಒಂದೇ ಹಟ: ವೃತ್ತಿಪರ ಕುಸ್ತಿಯನ್ನು ಯಾರೂ ಕೀಳಾಗಿ ನೋಡಬಾರದು, ಜೂಡೋ, ಕರಾಟೆ, ಬಾಕ್ಸಿಂಗ್ ಯಾವುದರ ಎದುರಿಗೂ ಅದು ತಲೆ ಎತ್ತಿ ನಿಲ್ಲಬೇಕು. ಅವರ ದೊಡ್ಡ ಗೆಲುವುಗಳೂ ದೊಡ್ಡ ಎಡವಟ್ಟುಗಳೂ ಆ ಹಟದಿಂದಲೇ ಹುಟ್ಟಿದವು ಎಂಬುದು ನನ್ನ ತಿಳಿವಳಿಕೆ.

ಜಪಾನಿನವರಿಗೆ 'ಆಂಟೋನಿಯೊ' ಅನ್ನುವ ಹೆಸರು ಎಲ್ಲಿಂದ ಬಂತು?

ಅವರ ಹುಟ್ಟುಹೆಸರು ಕಾಂಜಿ ಇನೋಕಿ. 1943ರ ಫೆಬ್ರುವರಿ 20ರಂದು ಯೊಕೊಹಾಮಾದಲ್ಲಿ, ಹನ್ನೊಂದು ಮಕ್ಕಳ ತುಂಬು ಕುಟುಂಬದಲ್ಲಿ ಹುಟ್ಟಿದರು. ಐದನೆಯ ವಯಸ್ಸಿಗೆ ತಂದೆ ತೀರಿಕೊಂಡರು. ಯುದ್ಧಾನಂತರದ ಬಡತನದಿಂದ ಪಾರಾಗಲು 1957ರಲ್ಲಿ ತಾಯಿ, ಅಜ್ಜ, ಒಡಹುಟ್ಟಿದವರೊಂದಿಗೆ ಹಡಗು ಹತ್ತಿ ಬ್ರೆಜಿಲ್‌ಗೆ ಹೊರಟಾಗ ಅವರಿಗೆ 14 ವರ್ಷ. ಅಜ್ಜ ದಾರಿಯಲ್ಲೇ ತೀರಿಕೊಂಡರು. ಬ್ರೆಜಿಲ್ಲಿನಲ್ಲಿ ಕಾಫಿ ತೋಟದ ಕೂಲಿ ಕೆಲಸ ಅವರ ಪಾಲಿಗೆ ಬಂತು. ಆ ದುಡಿಮೆಯಲ್ಲಿ ಮೈ ಹುರಿಗೊಂಡ ಹುಡುಗ ಗುಂಡು ಎಸೆತ ಮತ್ತು ಚಕ್ರ ಎಸೆತದಲ್ಲಿ ಹೆಸರು ಮಾಡಿದ. 1960ರಲ್ಲಿ ಜಪಾನಿನ ಕುಸ್ತಿ ದೊರೆ ರಿಕಿದೋಜಾನ್ ಬ್ರೆಜಿಲ್ ಪ್ರವಾಸಕ್ಕೆ ಬಂದಾಗ ಈ ಹುಡುಗನನ್ನು ಕಂಡು ಜಪಾನಿಗೆ ಕರೆದೊಯ್ದರು. 'ಆಂಟೋನಿಯೊ' ಎಂಬುದು ಆಮೇಲೆ ಕಣಕ್ಕಾಗಿ ಇಟ್ಟುಕೊಂಡ ಹೆಸರು. ಆಗ ಅಮೆರಿಕದಲ್ಲಿ ಮನೆಮಾತಾಗಿದ್ದ ಕುಸ್ತಿಪಟು ಆಂಟೋನಿನೊ ರೊಕ್ಕಾ ಅವರ ನೆನಪಿನಲ್ಲಿ ಅದು ಬಂತು.

ಈ ಕುಸ್ತಿಯೆಲ್ಲ ಮೊದಲೇ ಮಾತಾಡಿಕೊಂಡು ಆಡುವುದಲ್ಲವೇ? ಹಾಗಿದ್ದರೆ ಸಾಧನೆ ಎಲ್ಲಿ ಬಂತು?

ವೃತ್ತಿಪರ ಕುಸ್ತಿಯಲ್ಲಿ ಗೆಲ್ಲುವವರು ಯಾರೆಂಬುದು ಸಾಮಾನ್ಯವಾಗಿ ಮೊದಲೇ ನಿರ್ಧಾರವಾಗಿರುತ್ತದೆ. ಇದನ್ನು ಮುಚ್ಚಿಡುವ ಅಗತ್ಯವಿಲ್ಲ, ಇನೋಕಿ ಅವರ ಬಹುಪಾಲು ಪಂದ್ಯಗಳೂ ಅದೇ ಬಗೆಯವು. ಆದರೆ ಫಲಿತಾಂಶ ಗೊತ್ತಿದ್ದ ಮಾತ್ರಕ್ಕೆ ಬೆನ್ನಿನ ಮೇಲೆ ಬೀಳುವುದು ಸುಲಭವಾಗುವುದಿಲ್ಲ. ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಅರವತ್ತು ನಿಮಿಷ ಎದುರಾಳಿಯ ಮೈಯನ್ನು ಕಾಪಾಡುತ್ತ, ತನ್ನ ಮೈಯನ್ನು ಒಡ್ಡುತ್ತ, ಸಾವಿರಾರು ಜನರ ಉಸಿರನ್ನು ಹಿಡಿದಿಡುವುದು ದೊಡ್ಡ ವಿದ್ಯೆ. ಇನೋಕಿ ಅವರ ಶಾಲೆಯನ್ನು 'ಸ್ಟ್ರಾಂಗ್ ಸ್ಟೈಲ್' ಎನ್ನುತ್ತಾರೆ. ಅದರಲ್ಲಿ ಹೊಡೆತಗಳು ಗಟ್ಟಿಯಾಗಿ ಬೀಳುತ್ತವೆ, ಕೀಲು ತಿರುಚುವ ಪಟ್ಟುಗಳನ್ನು ನಿಜವಾಗಿ ಕಲಿತಿರಬೇಕಾಗುತ್ತದೆ, ನೋಡುವವನಿಗೆ ನೋವು ಕಾಣಬೇಕು. ಇವೆಲ್ಲದರ ನಡುವೆ ಮೊದಲೇ ನಿರ್ಧಾರವಾಗದ ಪಂದ್ಯಗಳೂ ಅವರ ಬದುಕಿನಲ್ಲಿ ಇವೆ. ಅಲಿ ಅವರೊಡನೆ ನಡೆದದ್ದು, ಅದೇ ವರ್ಷ ಕರಾಚಿಯಲ್ಲಿ ಅಕ್ರಂ ಪೈಲ್ವಾನರೊಡನೆ ನಡೆದದ್ದು ಅಂಥವೆಂದು ಕುಸ್ತಿ ಚರಿತ್ರೆ ಬಲ್ಲವರು ಒಪ್ಪುತ್ತಾರೆ.

## ಗುರು, ಸಹಪಾಠಿ, ಸ್ವಂತ ಸಂಸ್ಥೆ

ರಿಕಿದೋಜಾನ್ ಅವರು ಇನೋಕಿಯನ್ನು ಮಗನಂತೆ ಬೆಳೆಸಿದರೇ?

ಮಗನಂತೆ ಎನ್ನುವುದಕ್ಕಿಂತ ಆಳಿನಂತೆ ಎನ್ನುವುದು ಸತ್ಯಕ್ಕೆ ಹತ್ತಿರ. ಗುರುವಿನ ಚೀಲ ಹೊರುವುದು, ಬೂಟು ಕಟ್ಟುವುದು, ಕಾರಣವಿಲ್ಲದೆ ಬೀಳುವ ಏಟು ತಿನ್ನುವುದು, ಇದು ಅವರ ಶಿಷ್ಯವೃತ್ತಿಯಾಗಿತ್ತು. 1960ರ ಸೆಪ್ಟೆಂಬರ್ 30ರಂದು ಟೋಕಿಯೊದಲ್ಲಿ ಮೊದಲ ಸಲ ಕಣಕ್ಕಿಳಿದ ಇನೋಕಿ ಕಿಂಟಾರೊ ಓಕಿ ಎದುರು ಸೋತರು. ಅದೇ ದಿನ, ಅದೇ ಸ್ಥಳದಲ್ಲಿ ಮೊದಲ ಪಂದ್ಯ ಆಡಿ ಗೆದ್ದವರು ಜಯಂಟ್ ಬಾಬಾ. ಯೊಮಿಯುರಿ ಜಯಂಟ್ಸ್ ತಂಡದಲ್ಲಿ ಬೇಸ್‌ಬಾಲ್ ಆಡಿ ಬಂದಿದ್ದ, ಎರಡು ಮೀಟರಿಗೂ ಮೀರಿದ ಎತ್ತರದ ಬಾಬಾ ಅವರಿಗೆ ಗುರುವಿನಿಂದ ಮೊದಲಿನಿಂದಲೂ ಮರ್ಯಾದೆ ಸಿಕ್ಕಿತು. ಒಂದೇ ದಿನ ಶುರುವಾದ ಈ ಎರಡು ದಾರಿಗಳ ಪೈಪೋಟಿ ಜಪಾನಿನ ಕುಸ್ತಿಯನ್ನು ಮುಂದಿನ ಕಾಲು ಶತಮಾನ ಆಳಿತು. 1963ರ ಡಿಸೆಂಬರಿನಲ್ಲಿ ಟೋಕಿಯೊದ ನೈಟ್‌ಕ್ಲಬ್ ಒಂದರಲ್ಲಿ ಇರಿತಕ್ಕೆ ಒಳಗಾದ ರಿಕಿದೋಜಾನ್ ಒಂದು ವಾರದ ನಂತರ ತೀರಿಕೊಂಡಾಗ ಇನೋಕಿ ಇನ್ನೂ ಇಪ್ಪತ್ತರ ಹುಡುಗ.

ಬಾಬಾ ಮತ್ತು ಇನೋಕಿ ಗೆಳೆಯರೋ, ವೈರಿಗಳೋ?

ಕಣದಲ್ಲಿ ಒಳ್ಳೆಯ ಜೋಡಿಯಾಗಿದ್ದರು. ಇಬ್ಬರ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ 'ಬಿ-ಐ ಫಿರಂಗಿ' ಎಂದು ಕರೆಸಿಕೊಂಡು ಅಂತರರಾಷ್ಟ್ರೀಯ ಜೋಡಿ ಪ್ರಶಸ್ತಿಯನ್ನು ಹಲವು ಸಲ ಗೆದ್ದರು. ಅದಕ್ಕೂ ಮೊದಲು, 1966ರಲ್ಲಿ, ಇನೋಕಿ ಟೋಕಿಯೊ ಪ್ರೊ ರೆಸ್ಲಿಂಗ್ ಎಂಬ ಬೇರೆ ಸಂಸ್ಥೆಗೆ ಹೋಗಿ, ಅದು ಬೇಗನೆ ಮುಳುಗಿದ್ದರಿಂದ ಹಳೆಯ ಮನೆಗೇ, ಅಂದರೆ ರಿಕಿದೋಜಾನ್ ಕಟ್ಟಿದ ಜಪಾನ್ ಪ್ರೊ ರೆಸ್ಲಿಂಗ್ ಸಂಸ್ಥೆಗೆ ಮರಳಿದ್ದರು. 1971ರ ಕೊನೆಯಲ್ಲಿ ಆಡಳಿತವನ್ನು ಬುಡಮೇಲು ಮಾಡಲು ಹೊರಟಿದ್ದಾರೆಂಬ ಆರೋಪದ ಮೇಲೆ ಜಪಾನ್ ಪ್ರೊ ರೆಸ್ಲಿಂಗ್ ಇನೋಕಿ ಅವರನ್ನು ಹೊರಹಾಕಿತು. ಮರುವರ್ಷ ಇನೋಕಿ ನ್ಯೂ ಜಪಾನ್ ಕಟ್ಟಿದರು, ಬಾಬಾ ಆಲ್ ಜಪಾನ್ ಕಟ್ಟಿದರು. ಆಮೇಲೆ ಇನೋಕಿ ಎಷ್ಟು ಸಲ ಸವಾಲು ಹಾಕಿದರೂ ಬಾಬಾ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೊಸ ಸಂಸ್ಥೆಯ ಮೊದಲ ದಿನವೇ ಇನೋಕಿ ಸೋತರಂತೆ, ಯಾಕೆ?

1972ರ ಮಾರ್ಚ್ 6ರಂದು ಟೋಕಿಯೊದ ಓತಾ ವಾರ್ಡ್ ಜಿಮ್ನೇಷಿಯಂನಲ್ಲಿ ನ್ಯೂ ಜಪಾನಿನ ಮೊದಲ ಕಾರ್ಯಕ್ರಮ ನಡೆಯಿತು. ಮುಖ್ಯ ಪಂದ್ಯದಲ್ಲಿ ಇನೋಕಿ ಅವರು ಕಾರ್ಲ್ ಗಾಚ್ ಎದುರು ಸೋತರು. ಗಾಚ್ ಅವರು ಇಂಗ್ಲೆಂಡಿನ ವಿಗನ್ ಪಟ್ಟಣದ ಪ್ರಸಿದ್ಧ ಗರಡಿಯಲ್ಲಿ ಪಳಗಿದವರು, ಬೆಲ್ಜಿಯಂ ಮೂಲದವರು, ಇನೋಕಿ ಅವರಿಗೆ ಪಟ್ಟುಗಳನ್ನು ಕಲಿಸಿದ ಗುರು. ಯಜಮಾನನೇ ಮೊದಲ ದಿನ ಸೋತು ಗುರುವಿನ ಕೈ ಮೇಲಾಗಲು ಬಿಟ್ಟದ್ದರಲ್ಲಿ ದೊಡ್ಡ ಲೆಕ್ಕಾಚಾರವಿತ್ತು: ಈ ಸಂಸ್ಥೆಯಲ್ಲಿ ವಿದ್ಯೆಗೆ ಬೆಲೆ ಉಂಟು ಎಂಬ ಭರವಸೆ ಆ ಒಂದು ಸೋಲಿನಿಂದ ನೋಡುಗರಿಗೆ ಸಿಕ್ಕಿತು.

ಭರವಸೆ ಇದ್ದರೂ ಬಂಡವಾಳ ಇರಲಿಲ್ಲ. ಅಮೆರಿಕದ ಪ್ರಬಲ ಒಕ್ಕೂಟವಾದ ಎನ್‌ಡಬ್ಲ್ಯುಎ ಬಾಬಾ ಅವರ ಪಕ್ಷ ಹಿಡಿದಿದ್ದರಿಂದ ಹೆಸರಾಂತ ವಿದೇಶಿ ಕುಸ್ತಿಪಟುಗಳು ಇನೋಕಿ ಕಡೆಗೆ ಬರುವಂತಿರಲಿಲ್ಲ. 1973ರಲ್ಲಿ ಜೂಡೋ ಹಿನ್ನೆಲೆಯ ಸೈಜಿ ಸಕಾಗುಚಿ ಬಂದು ಸೇರಿ, ಟಿವಿ ಪ್ರಸಾರ ಆರಂಭವಾದ ಮೇಲೆಯೇ ಸಂಸ್ಥೆ ಉಸಿರಾಡಿತು.

ಟೈಗರ್ ಜೀತ್ ಸಿಂಗ್ ಭಾರತದವರಲ್ಲವೇ? ಅವರಿಗೂ ಇನೋಕಿಗೂ ಏನು ಜಗಳ?

ಹೌದು, ಪಂಜಾಬಿನಲ್ಲಿ ಹುಟ್ಟಿ ಕೆನಡಾಕ್ಕೆ ವಲಸೆ ಹೋದವರು. ತಲೆಗೆ ಪೇಟ, ಹಲ್ಲಿನ ನಡುವೆ ಕತ್ತಿ ಕಚ್ಚಿ ಕಣಕ್ಕೆ ನುಗ್ಗುತ್ತಿದ್ದ ಅವರನ್ನು ಕಂಡರೆ ಜಪಾನಿನ ಪ್ರೇಕ್ಷಕರು ಕುರ್ಚಿ ಬಿಟ್ಟು ಓಡುತ್ತಿದ್ದರು. 1973ರ ನವೆಂಬರಿನಲ್ಲಿ ಇನೋಕಿ ಅವರು ಪತ್ನಿ, ನಟಿ ಮಿತ್ಸುಕೊ ಬೈಶೊ ಅವರೊಂದಿಗೆ ಟೋಕಿಯೊದ ಶಿಂಜುಕು ಪ್ರದೇಶದ ಇಸೆತಾನ್ ಮಳಿಗೆಯ ಎದುರಿಗೆ ಬಂದಾಗ ಸಿಂಗ್ ಜನನಿಬಿಡ ಬೀದಿಯಲ್ಲೇ ಮೇಲೆ ಬಿದ್ದು ಹೊಡೆದರು. ಪೊಲೀಸರೂ ಬರಬೇಕಾಯಿತು, ಪತ್ರಿಕೆಗಳು ತುಂಬಿ ಹೋದವು. ದೊಡ್ಡ ವಿದೇಶಿ ತಾರೆಯರನ್ನು ಕರೆಸಲಾಗದ ಸಂಸ್ಥೆ ತನ್ನದೇ ತಾರೆಯನ್ನು ಬೀದಿಯಲ್ಲಿ ಹುಟ್ಟಿಸಿದ ಬಗೆ ಇದು. 1975ರ ಮಾರ್ಚಿನಲ್ಲಿ ಸಿಂಗ್ ಅವರು ಇನೋಕಿ ಅವರಿಂದ ಆಗ ನ್ಯೂ ಜಪಾನಿನ ಮುಖ್ಯ ಪ್ರಶಸ್ತಿಯಾಗಿದ್ದ ಎನ್‌ಡಬ್ಲ್ಯುಎಫ್ ಪಟ್ಟವನ್ನೇ ಕಸಿದರು, ಮೂರು ತಿಂಗಳ ನಂತರ ಇನೋಕಿ ಅದನ್ನು ಮರಳಿ ಪಡೆದರು. ಜಪಾನಿನ ಹಿರಿಯ ಅಭಿಮಾನಿಗಳು ಇಂದಿಗೂ ಸಿಂಗ್ ಅವರ ಹೆಸರನ್ನು ಮರೆತಿಲ್ಲ.

## ಅಲಿ ಪಂದ್ಯ

ಅಲಿ ಮತ್ತು ಇನೋಕಿ ನಡುವೆ ಗೆದ್ದವರು ಯಾರು?

ಯಾರೂ ಗೆಲ್ಲಲಿಲ್ಲ. 1976ರ ಜೂನ್ 26ರಂದು ಟೋಕಿಯೊದ ನಿಪ್ಪಾನ್ ಬುಡೊಕಾನ್ ಸಭಾಂಗಣದಲ್ಲಿ ನಡೆದ 15 ಸುತ್ತುಗಳ ಪಂದ್ಯ ಡ್ರಾ ಎಂದು ಘೋಷಣೆಯಾಯಿತು. ಮೂವರು ತೀರ್ಪುಗಾರರಲ್ಲಿ ಒಬ್ಬರು ಅಲಿ ಕಡೆಗೆ, ಒಬ್ಬರು ಇನೋಕಿ ಕಡೆಗೆ ಅಂಕ ಕೊಟ್ಟರು. ಕಣದೊಳಗಿದ್ದ ರೆಫರಿ ಜೀನ್ ಲೆಬೆಲ್ ಸಮ ಎಂದರು. ನಿಯಮ ಮೀರಿದ್ದಕ್ಕೆ ಇನೋಕಿ ಅವರ ಅಂಕಗಳನ್ನು ಕಡಿತ ಮಾಡಿರದಿದ್ದರೆ ಫಲಿತಾಂಶ ಅವರ ಕಡೆಗೇ ವಾಲುತ್ತಿತ್ತು.

ಇಡೀ ಪಂದ್ಯ ಮಲಗಿಕೊಂಡೇ ಆಡಿದ್ದು ಹೇಡಿತನ ಅಲ್ಲವೇ?

ಅಂದು ಸಭಾಂಗಣದಲ್ಲಿ ಇದ್ದವರೂ ಹಾಗೆಯೇ ಅಂದುಕೊಂಡರು. ಕಸ ಎಸೆದರು, ದುಡ್ಡು ವಾಪಸ್ ಕೊಡಿ ಎಂದು ಕೂಗಿದರು. ಮರುದಿನದ ಪತ್ರಿಕೆಗಳು ಇನೋಕಿ ಅವರನ್ನು ಕೊಚ್ಚಿ ಹಾಕಿದವು. ಆದರೆ ಈ ಪಂದ್ಯವನ್ನು ಸಾವಧಾನವಾಗಿ ನೋಡಿದರೆ ಬೇರೆಯದೇ ಚಿತ್ರ ಸಿಗುತ್ತದೆ.

ಮೈಸೂರು ದಸರಾ ಕುಸ್ತಿಗೆ ಮುನ್ನ ತೂಕ, ಅನುಭವ ನೋಡಿ ಜೋಡಿ ಕಟ್ಟುತ್ತಾರಲ್ಲ, ಅಲ್ಲಿ ಇಬ್ಬರ ವಿದ್ಯೆಯೂ ಒಂದೇ ಆಗಿರುವುದರಿಂದ ಜೋಡಿ ಸರಿಬರುತ್ತದೆ. ಇಲ್ಲಿ ವಿದ್ಯೆಯೇ ಬೇರೆ ಬೇರೆ. ಪಂದ್ಯಕ್ಕೆ ಮುಂಚಿನ ದಿನಗಳಲ್ಲಿ ನಿಯಮಗಳ ಚೌಕಾಸಿ ನಡೆದು, ಕುಸ್ತಿಪಟುವಿನ ಮುಖ್ಯ ಆಯುಧಗಳ ಮೇಲೆ ಒಂದೊಂದಾಗಿ ನಿರ್ಬಂಧ ಬಿತ್ತು. ನಿಂತು ಒದೆಯುವಂತಿಲ್ಲ, ಒದೆಯುವಾಗ ಒಂದು ಮೊಣಕಾಲು ನೆಲದಲ್ಲಿರಬೇಕು ಎಂಬ ಬಗೆಯ ಕಟ್ಟುಪಾಡುಗಳ ನಡುವೆ ಜಗತ್ತಿನ ಅತಿ ವೇಗದ ಹೆವಿವೇಟ್ ಮುಷ್ಟಿಯನ್ನು ಎದುರಿಸಬೇಕಾದ ಮನುಷ್ಯನಿಗೆ ಉಳಿದದ್ದು ನೆಲ ಮತ್ತು ತನ್ನ ಕಾಲು. ಮೊದಲ ಗಂಟೆ ಹೊಡೆದ ತಕ್ಷಣ ಇನೋಕಿ ಓಡಿಬಂದು ಜಾರಿ ಬಿದ್ದು ಅಲಿ ಅವರ ಎಡಗಾಲಿಗೆ ಒದ್ದರು. ಮುಂದಿನ 15 ಸುತ್ತುಗಳಲ್ಲಿ ಅಂಥ ಒದೆಗಳು ನೂರನ್ನು ಮೀರಿದವು. ಅಲಿ ಎಸೆದ ಗುದ್ದುಗಳೋ ಕೇವಲ ಆರು ಎಂದು ಎಣಿಸಿದವರಿದ್ದಾರೆ. ಅಲಿ ಹಗ್ಗಕ್ಕೆ ಒರಗಿ ಕಾಲೆತ್ತಿ ತಪ್ಪಿಸಿಕೊಳ್ಳುತ್ತ, "ಎದ್ದು ಬಾ" ಎಂದು ಕೆಣಕುತ್ತ ಹೋದರು. ಆರನೆಯ ಸುತ್ತಿನಲ್ಲಿ ಇನೋಕಿ ಅವರ ಪಾದ ಹಿಡಿಯಲು ಅಲಿ ಬಾಗಿದಾಗ, ಇನೋಕಿಯೇ ಅಲಿ ಅವರನ್ನು ಉರುಳಿಸಿ ಮೇಲೆ ಕುಳಿತರು, ಮೊಣಕೈ ಇಳಿಸಿದರು, ಅಷ್ಟರಲ್ಲಿ ಹಗ್ಗ ಸಿಕ್ಕಿ ರೆಫರಿ ಬಿಡಿಸಿದರು. ಮೊಣಕೈಗಾಗಿ ಅಂಕ ಹೋಯಿತು.

ಒಂದು ಸಣ್ಣ ವಿವರ ಈ ಪಂದ್ಯದ ನಿಜವನ್ನು ಹೇಳುತ್ತದೆ. ಅಲಿ ಅವರ ತರಬೇತುದಾರ ಆಂಜೆಲೊ ಡಂಡಿ ನಡುವೆ ತಕರಾರು ತೆಗೆದು, ಇನೋಕಿ ಅವರ ಬೂಟಿನ ಲೇಸು ಪೋಣಿಸುವ ಜಾಗಕ್ಕೆ ಟೇಪು ಸುತ್ತಿಸಿದರು, ಏಕೆಂದರೆ ಅದು ಅಲಿ ಅವರ ಕಾಲಿನ ಚರ್ಮವನ್ನು ಕೊಯ್ಯುತ್ತಿತ್ತು. ನಾಟಕದಲ್ಲಿ ಯಾರೂ ಎದುರಾಳಿಯ ಬೂಟಿನ ಬಗ್ಗೆ ಹಾಗೆ ತಕರಾರು ಮಾಡುವುದಿಲ್ಲ. ಕೊನೆಯ ಸುತ್ತುಗಳ ಹೊತ್ತಿಗೆ ಅಲಿ ಅವರ ಎಡತೊಡೆ ಊದಿ ಕೆಂಪಾಗಿತ್ತು. ಆಮೇಲೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಸೋಂಕು ತಗುಲಿ ಆಸ್ಪತ್ರೆ ಸೇರಬೇಕಾಯಿತು. ಇಂದು ಮಿಶ್ರ ಸಮರಕಲೆಗಳ ಪಂದ್ಯಗಳಲ್ಲಿ ತೊಡೆಗೆ ಬೀಳುವ ಒದೆ ಏನು ಮಾಡಬಲ್ಲದು ಎಂಬುದು ಮಕ್ಕಳಿಗೂ ಗೊತ್ತು. 1976ರ ಪ್ರೇಕ್ಷಕರಿಗೆ ಅದು ಗೊತ್ತಿರಲಿಲ್ಲ.

ಈ ಪಂದ್ಯದಿಂದ ಇನೋಕಿಗೆ ಸಿಕ್ಕಿದ್ದೇನು?

ತತ್ಕಾಲಕ್ಕೆ ಸಾಲ. ಅಲಿ ಅವರಿಗೆ 60 ಲಕ್ಷ ಡಾಲರ್ ಕೊಡುವ ಒಪ್ಪಂದವಾಗಿತ್ತು, ನಿರೀಕ್ಷಿಸಿದ ಆದಾಯ ಬರಲಿಲ್ಲ, ನ್ಯೂ ಜಪಾನ್ ಭಾರಿ ಹೊರೆ ಹೊತ್ತಿತು. ಆ ಸಾಲ ತೀರಿಸಲು ಇನೋಕಿ ಬೇರೆ ಬೇರೆ ಸಮರಕಲೆಗಳವರೊಡನೆ ಟಿವಿಗಾಗಿ ಪಂದ್ಯಗಳ ಮೇಲೆ ಪಂದ್ಯ ಆಡಿದರು: ಬಾಕ್ಸರ್ ಚಕ್ ವೆಪ್ನರ್, ಕರಾಟೆಯ ವಿಲ್ಲಿ ವಿಲಿಯಮ್ಸ್ ಆ ಸಾಲಿನವರು. 1972ರ ಒಲಿಂಪಿಕ್ಸ್‌ನಲ್ಲಿ ಜೂಡೋದ ಎರಡು ಚಿನ್ನ ಗೆದ್ದಿದ್ದ ವಿಲೆಮ್ ರಸ್ಕಾ ಅವರನ್ನು ಅಲಿ ಪಂದ್ಯಕ್ಕೂ ಮೊದಲೇ, 1976ರ ಫೆಬ್ರುವರಿಯಲ್ಲಿ, ಎದುರಿಸಿದ್ದರು.

ಕಾಲಾಂತರದಲ್ಲಿ ಸಿಕ್ಕಿದ್ದು ಅಲಿ ಅವರ ಸ್ನೇಹ. 'ಬೊಂಬಾಯೆ' ಎಂದು ಕೂಗುವ ತಮ್ಮ ರಾಗವನ್ನೇ ಅಲಿ ಉಡುಗೊರೆಯಾಗಿ ಕೊಟ್ಟರು, ಇನೋಕಿ ಕಣಕ್ಕೆ ನಡೆದು ಬರುವಾಗ ಅದೇ ಮೊಳಗುತ್ತಿತ್ತು. 1998ರಲ್ಲಿ ಇನೋಕಿ ನಿವೃತ್ತರಾದ ದಿನ ಪಾರ್ಕಿನ್ಸನ್ ಕಾಯಿಲೆಯ ನಡುವೆಯೂ ಅಲಿ ಟೋಕಿಯೊಗೆ ಬಂದು ಕಣದ ಪಕ್ಕ ಇದ್ದರು.

## ಕರಾಚಿ ಮತ್ತು ಲಾಹೋರ್

ಅಕ್ರಂ ಪೈಲ್ವಾನರ ಕೈ ಮುರಿದದ್ದು ನಿಜವೇ?

ನಿಜ. ಅಕ್ರಂ ಅವರು ಗಾಮಾ ಪೈಲ್ವಾನರ ತಮ್ಮ ಇಮಾಂ ಬಕ್ಷ್ ಅವರ ಮಗ. ಗಾಮಾ ಹೆಸರು ನಮ್ಮ ಗರಡಿಗಳಿಗೆ ಹೊಸದಲ್ಲ. ಕಸರತ್ತಿಗೆ ಬಂದ ಹುಡುಗರಿಗೆ ಅವರ ಬೈಠಕ್ಕು, ದಂಡಗಳ ಕಥೆ ಹೇಳದ ಉಸ್ತಾದರು ಕಡಿಮೆ. ಆ ಮನೆತನದ ಮಾನ ಪಣಕ್ಕಿಟ್ಟು 1976ರ ಡಿಸೆಂಬರ್ 12ರಂದು ಕರಾಚಿಯ ನ್ಯಾಷನಲ್ ಸ್ಟೇಡಿಯಂನಲ್ಲಿ ಪಂದ್ಯ ನಡೆಯಿತು. ಪಂದ್ಯ ಮೊದಲಿನಿಂದಲೇ ನಿಜವಾದ ಕಾದಾಟಕ್ಕೆ ತಿರುಗಿತು. ಇನೋಕಿ ಅವರು ಮಣಿಕಟ್ಟು ಹಿಡಿದು ತೋಳನ್ನು ಹಿಂದಕ್ಕೆ ತಿರುಚುವ ಪಟ್ಟು ಹಾಕಿದರು. ಅಕ್ರಂ ಸೋಲೊಪ್ಪಲಿಲ್ಲ, ಕೈ ಮುರಿಯಿತು, ಪಂದ್ಯ ನಿಂತಿತು. ಮಟ್ಟಿಯ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡಿದರೆ ಪಂದ್ಯ ಮುಗಿಯಿತು. ಕೀಲು ತಿರುಚಿ ಶರಣಾಗಿಸುವ ವಿದ್ಯೆಗೆ ಅಲ್ಲಿ ಜಾಗ ಕಡಿಮೆ. ಮಣ್ಣಿನಲ್ಲಿ ಮಹಾಬಲನಾದ ಪೈಲ್ವಾನನಿಗೆ ಆ ಪಟ್ಟಿನ ಅಪಾಯ ತಡವಾಗಿ ಅರಿವಾಗಿದ್ದರೆ ಅದು ಬಲದ ಕೊರತೆಯಲ್ಲ.

ಜಾರಾ ಪೈಲ್ವಾನ್ ಇನೋಕಿಯನ್ನು ಸೋಲಿಸಿ ಸೇಡು ತೀರಿಸಿಕೊಂಡರು ಅನ್ನುತ್ತಾರೆ, ಸರಿಯೇ?

ಪಾಕಿಸ್ತಾನದಲ್ಲಿ ಹಾಗೆಯೇ ನಂಬುತ್ತಾರೆ. ಅಕ್ರಂ ಅವರ ಅಣ್ಣ-ತಮ್ಮಂದಿರಲ್ಲಿ ಒಬ್ಬರಾದ ಅಸ್ಲಂ ಅವರ ಮಗ ಜುಬೈರ್, ಅಂದರೆ ಜಾರಾ, 1979ರ ಜೂನ್ 17ರಂದು ಲಾಹೋರಿನ ಗಡಾಫಿ ಸ್ಟೇಡಿಯಂನಲ್ಲಿ ಇನೋಕಿ ಎದುರು ನಿಂತಾಗ ಇನ್ನೂ ಹದಿಹರೆಯ ದಾಟಿರಲಿಲ್ಲ. ಐದು ಸುತ್ತು ಮುಗಿದರೂ ಸೋಲು ಗೆಲುವು ತೀರ್ಮಾನವಾಗಲಿಲ್ಲ. ಆಗ ಇನೋಕಿ ತಾವೇ ಹೋಗಿ ಜಾರಾ ಅವರ ಕೈ ಎತ್ತಿ ಹಿಡಿದರು, ಕ್ರೀಡಾಂಗಣ ಅದನ್ನು ಗೆಲುವೆಂದೇ ಸಂಭ್ರಮಿಸಿತು. ಜಪಾನಿನ ದಾಖಲೆಗಳಲ್ಲಿ ಅದು ಡ್ರಾ. ಕೈ ಮುರಿದ ಮನೆತನದ ಹುಡುಗನ ಕೈಯನ್ನು ಅವರದೇ ಊರಿನಲ್ಲಿ ಎತ್ತಿ ಹಿಡಿದ ಆ ನಡೆ ನನಗೆ ಇನೋಕಿ ಅವರ ಯಾವ ಪ್ರಶಸ್ತಿಗಿಂತಲೂ ದೊಡ್ಡದಾಗಿ ಕಾಣುತ್ತದೆ. 2012ರಲ್ಲಿ ಅವರು ಮತ್ತೆ ಪಾಕಿಸ್ತಾನಕ್ಕೆ ಹೋಗಿ ಶಾಂತಿಯ ಹೆಸರಿನಲ್ಲಿ ಕುಸ್ತಿ ಪ್ರದರ್ಶನ ನಡೆಸಿದಾಗ ಜನ ಅವರನ್ನು ಹಳೆಯ ನಂಟನಂತೆ ಬರಮಾಡಿಕೊಂಡರು.

## ಪ್ರಶಸ್ತಿ, ಪಟ್ಟು, ಸೋಲು

ಇನೋಕಿ ಗೆದ್ದ ಮುಖ್ಯ ಪ್ರಶಸ್ತಿಗಳು ಯಾವುವು?

1969ರ ವರ್ಲ್ಡ್ ಲೀಗ್ ಟೂರ್ನಿಯ ಗೆಲುವು ಅವರನ್ನು ಬಾಬಾ ಅವರ ಸಮಕ್ಕೆ ತಂದಿತು. 1973ರ ಡಿಸೆಂಬರಿನಲ್ಲಿ ಜಾನಿ ಪವರ್ಸ್ ಅವರನ್ನು ಸೋಲಿಸಿ ಗೆದ್ದ ಎನ್‌ಡಬ್ಲ್ಯುಎಫ್ ಹೆವಿವೇಟ್ ಪಟ್ಟ 1970ರ ದಶಕದುದ್ದಕ್ಕೂ ನ್ಯೂ ಜಪಾನಿನ ಬೆನ್ನೆಲುಬಾಯಿತು. ಆಮೇಲೆ ಎಲ್ಲ ಪಟ್ಟಗಳನ್ನೂ ಒಂದಾಗಿಸುವ ಆಸೆಯಿಂದ ಇನೋಕಿ ಐಡಬ್ಲ್ಯುಜಿಪಿ ಎಂಬ ಹೊಸ ಯೋಜನೆ ಹಾಕಿದರು. 1987ರ ಜೂನ್ 12ರಂದು ಮಾಸಾ ಸೈತೊ ಅವರನ್ನು ಸೋಲಿಸಿ ಅದರ ಮೊದಲ ಹೆವಿವೇಟ್ ಚಾಂಪಿಯನ್ ಆದರು, ಮರುವರ್ಷ ಕಾಲಿನ ಮೂಳೆ ಮುರಿದು ಪಟ್ಟ ಬಿಟ್ಟುಕೊಟ್ಟರು.

ಅವರು ಡಬ್ಲ್ಯುಡಬ್ಲ್ಯುಎಫ್ ಚಾಂಪಿಯನ್ ಆಗಿದ್ದರೇ? ಪಟ್ಟಿಯಲ್ಲಿ ಹೆಸರೇ ಇಲ್ಲವಲ್ಲ?

1979ರ ನವೆಂಬರ್ 30ರಂದು ಜಪಾನಿನ ತೊಕುಶಿಮಾದಲ್ಲಿ ಬಾಬ್ ಬ್ಯಾಕ್‌ಲಂಡ್ ಅವರನ್ನು ಸೋಲಿಸಿ ಇನೋಕಿ ಆ ಪಟ್ಟ ಗೆದ್ದದ್ದು ನಿಜ. ಒಂದು ವಾರದೊಳಗೆ ಮರುಪಂದ್ಯ ಗೊಂದಲದಲ್ಲಿ ಕೊನೆಗೊಂಡು, ಇನೋಕಿ ಪಟ್ಟವನ್ನು ನಿರಾಕರಿಸಿದರು. ಅಮೆರಿಕದ ಆ ಸಂಸ್ಥೆ (ಇಂದಿನ ಡಬ್ಲ್ಯುಡಬ್ಲ್ಯುಇ) ಈ ಅವಧಿಯನ್ನು ತನ್ನ ಅಧಿಕೃತ ಪಟ್ಟಿಗೆ ಸೇರಿಸಿಲ್ಲ.

ಹಲ್ಕ್ ಹೋಗನ್ ಹೊಡೆತಕ್ಕೆ ಇನೋಕಿ ಪ್ರಜ್ಞೆ ತಪ್ಪಿದ್ದು ಯಾವಾಗ?

1983ರ ಜೂನ್ 2ರಂದು, ಟೋಕಿಯೊದ ಕುರಾಮಾಯೆ ಕೊಕುಗಿಕಾನ್‌ನಲ್ಲಿ, ಐಡಬ್ಲ್ಯುಜಿಪಿ ಲೀಗಿನ ಮೊದಲ ಅಂತಿಮ ಪಂದ್ಯದಲ್ಲಿ. ವರ್ಷಗಟ್ಟಲೆ ಕಟ್ಟಿದ ಕನಸಿನ ಪಂದ್ಯವಾದ್ದರಿಂದ ಇನೋಕಿ ಗೆಲ್ಲುತ್ತಾರೆಂದೇ ಎಲ್ಲರೂ ಕಾದಿದ್ದರು. ಕಣದಂಚಿನಲ್ಲಿ ನಿಂತಿದ್ದ ಅವರಿಗೆ ಹೋಗನ್ ಅವರ ಮೊಣಕೈ ಹೊಡೆತ ಬಿತ್ತು; ಕೆಳಕ್ಕೆ ಉರುಳಿದ ಇನೋಕಿ ನಾಲಿಗೆ ಹೊರಚಾಚಿ ಅಲ್ಲಾಡದೆ ಬಿದ್ದರು, ಶಿಷ್ಯರು ಎತ್ತಿ ಕಣದೊಳಕ್ಕೆ ದಬ್ಬಿದರೂ ಏಳಲಿಲ್ಲ. ಸುದ್ದಿ ಸಾಮಾನ್ಯ ಪತ್ರಿಕೆಗಳ ತನಕ ಹೋಯಿತು. ನಿಜವಾಗಿ ಪ್ರಜ್ಞೆ ತಪ್ಪಿತ್ತೋ, ಎಲ್ಲರನ್ನೂ ಬೆಚ್ಚಿಬೀಳಿಸಲು ಇನೋಕಿ ಅವರೇ ಹೂಡಿದ ತಂತ್ರವೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಮರುವರ್ಷದ ಅಂತಿಮ ಪಂದ್ಯದಲ್ಲಿ ಹೋಗನ್ ಅವರನ್ನೇ ಸೋಲಿಸಿದರು.

ಅವರ ಮುಖ್ಯ ಪಟ್ಟುಗಳು ಯಾವುವು?

ಎದುರಾಳಿಯ ಕುತ್ತಿಗೆಗೆ ಕಾಲು, ತೋಳಿಗೆ ತೋಳು ಹೆಣೆದು ಮೈಯನ್ನು ಪಕ್ಕಕ್ಕೆ ಬಗ್ಗಿಸುವ ಆಕ್ಟೋಪಸ್ ಹಿಡಿತ ಅವರ ಹೆಗ್ಗುರುತು. ತಲೆಯ ಹಿಂಭಾಗಕ್ಕೆ ಹಾರಿ ಒದೆಯುವ ಎನ್‌ಜುಗಿರಿ ಇಂದು ಜಗತ್ತಿನ ಎಲ್ಲ ಕುಸ್ತಿ ಕಣಗಳಲ್ಲೂ ಕಾಣುತ್ತದೆ. ಅದನ್ನು ಪ್ರಸಿದ್ಧಿಗೆ ತಂದವರು ಇನೋಕಿ. ಕೋಬ್ರಾ ಟ್ವಿಸ್ಟ್, ಗಾಚ್ ಅವರಿಂದ ಬಂದ ಜರ್ಮನ್ ಸುಪ್ಲೆಕ್ಸ್ ಕೂಡ ಅವರ ಕೈಯಲ್ಲಿ ಚೆನ್ನಾಗಿ ಕುಳಿತಿದ್ದವು.

## ಕಣದ ಹೊರಗೆ

ಕುಸ್ತಿ ಬಿಟ್ಟು ರಾಜಕೀಯಕ್ಕೆ ಹೋದದ್ದೇಕೆ? ಅಲ್ಲಿ ಏನು ಮಾಡಿದರು?

ಕುಸ್ತಿ ಬಿಟ್ಟು ಹೋಗಲಿಲ್ಲ, ಕುಸ್ತಿಯನ್ನೇ ರಾಜಕೀಯಕ್ಕೆ ಒಯ್ದರು. 1989ರಲ್ಲಿ ಕ್ರೀಡೆ ಮತ್ತು ಶಾಂತಿ ಪಕ್ಷ ಕಟ್ಟಿ ಮೇಲ್ಮನೆಗೆ ಆಯ್ಕೆಯಾದರು. 1990ರಲ್ಲಿ ಇರಾಕ್ ಕುವೈತನ್ನು ವಶಪಡಿಸಿಕೊಂಡು ವಿದೇಶೀಯರನ್ನು ಒತ್ತೆಯಾಗಿ ಹಿಡಿದಿಟ್ಟಾಗ, ಜಪಾನ್ ಸರ್ಕಾರದ ಬೆಂಬಲವಿಲ್ಲದೆ ಬಾಗ್ದಾದ್‌ಗೆ ಹೋಗಿ ಮಾತುಕತೆ ನಡೆಸಿದರು, ಡಿಸೆಂಬರಿನಲ್ಲಿ ಅಲ್ಲಿ ಕುಸ್ತಿ ಮತ್ತು ಸಂಗೀತದ ಶಾಂತಿ ಉತ್ಸವವನ್ನೇ ಏರ್ಪಡಿಸಿದರು. ಒತ್ತೆಯಾಳುಗಳ ಕುಟುಂಬದವರೂ ಅವರೊಂದಿಗೆ ಹೋಗಿದ್ದರು. ಉತ್ಸವದ ಬೆನ್ನಿಗೇ ಜಪಾನೀಯರ ಬಿಡುಗಡೆಯಾಯಿತು. ರಾಜತಾಂತ್ರಿಕರು ಏನೇ ಅನ್ನಲಿ, ಮನೆಯವರನ್ನು ಮರಳಿ ಪಡೆದವರಿಗೆ ಇನೋಕಿ ದೇವರಾಗಿ ಕಂಡರು. ಇದೇ ಇರಾಕ್ ನಂಟಿನಲ್ಲಿ ಅವರು ಇಸ್ಲಾಂ ಸ್ವೀಕರಿಸಿ ಮುಹಮ್ಮದ್ ಹುಸೇನ್ ಎಂಬ ಹೆಸರು ಪಡೆದರು. ಬೌದ್ಧ ಧರ್ಮವನ್ನೂ ಬಿಟ್ಟಿಲ್ಲವೆಂದು ಹೇಳುತ್ತಿದ್ದರು.

ಉತ್ತರ ಕೊರಿಯಾಕ್ಕೆ ಅಷ್ಟು ಸಲ ಹೋಗಿದ್ದೇಕೆ?

ಗುರು ರಿಕಿದೋಜಾನ್ ಹುಟ್ಟಿದ್ದು ಇಂದು ಉತ್ತರ ಕೊರಿಯಾ ಆಗಿರುವ ನೆಲದಲ್ಲಿ. ಜಪಾನಿನಲ್ಲಿ ಅವರು ಬದುಕಿರುವ ತನಕ ಆ ಮೂಲವನ್ನು ಮರೆಮಾಡಲಾಗಿತ್ತು. ಆ ಕೊಂಡಿ ಹಿಡಿದು ಇನೋಕಿ ಅಲ್ಲಿಗೆ 30ಕ್ಕೂ ಹೆಚ್ಚು ಸಲ ಹೋದರು. 1995ರ ಏಪ್ರಿಲ್ 28 ಮತ್ತು 29ರಂದು ಪ್ಯೊಂಗ್ಯಾಂಗ್‌ನ ಮೇ ಡೇ ಸ್ಟೇಡಿಯಂನಲ್ಲಿ ನಡೆಸಿದ ಉತ್ಸವದ ಎರಡನೆಯ ದಿನ ಅಮೆರಿಕದ ಕುಸ್ತಿ ತಾರೆ ರಿಕ್ ಫ್ಲೇರ್ ಅವರನ್ನು ಎದುರಿಸಿದರು, ಅಲಿ ಅತಿಥಿಯಾಗಿ ಬಂದಿದ್ದರು. ಎರಡೂ ದಿನ ಲಕ್ಷವನ್ನು ಮೀರಿದ ಜನ ಸೇರಿದ್ದರೆಂಬ ಲೆಕ್ಕ ಕುಸ್ತಿ ಚರಿತ್ರೆಯಲ್ಲೇ ದೊಡ್ಡದು, ಆದರೆ ಜನ ಟಿಕೆಟ್ ಕೊಂಡು ಬಂದವರಲ್ಲ, ಸರ್ಕಾರ ಕರೆತಂದವರು ಎಂಬುದನ್ನೂ ನೆನಪಿಡಬೇಕು. ಅದೇ ವರ್ಷದ ಚುನಾವಣೆಯಲ್ಲಿ ಸೋತರು. 2013ರಲ್ಲಿ ಮತ್ತೆ ಮೇಲ್ಮನೆಗೆ ಗೆದ್ದು ಬಂದು, ಅನುಮತಿಯಿಲ್ಲದೆ ಉತ್ತರ ಕೊರಿಯಾಕ್ಕೆ ಹೋಗಿದ್ದಕ್ಕೆ 30 ದಿನ ಅಮಾನತಾದರು.

ಜನ ಸಾಲುಗಟ್ಟಿ ನಿಂತು ಅವರಿಂದ ಕೆನ್ನೆಗೆ ಹೊಡೆಸಿಕೊಳ್ಳುವ ವಿಡಿಯೊ ನೋಡಿದೆ. ಅದೇನು?

1990ರಲ್ಲಿ ವಿದ್ಯಾರ್ಥಿಗಳೆದುರು ಮಾತಾಡಲು ಹೋಗಿದ್ದಾಗ ಒಬ್ಬ ಹುಡುಗ ಬಲ ಪರೀಕ್ಷಿಸಲೆಂದು ಅವರ ಹೊಟ್ಟೆಗೆ ಗುದ್ದಿದ, ಇನೋಕಿ ಕೈ ತಾನಾಗಿ ಅವನ ಕೆನ್ನೆಗೆ ಬಿತ್ತು. ಹುಡುಗ ಬಾಗಿ ವಂದಿಸಿದ. ಅಲ್ಲಿಂದ ಆ ಏಟು ಹೋರಾಟದ ಛಲವನ್ನು ಮೈಗೂಡಿಸುವ ಆಶೀರ್ವಾದವಾಗಿ ಬೆಳೆದು, ಪರೀಕ್ಷೆಗೆ ಹೊರಟವರು, ಉದ್ಯೋಗಿಗಳು, ಕ್ರೀಡಾಪಟುಗಳು ಸಾಲು ನಿಂತರು. ಕೆಂಪು ಟವೆಲ್ ಕುತ್ತಿಗೆಗೆ ಹಾಕಿಕೊಂಡು "ಗೆಂಕಿ ದೆಸು ಕಾ!" (ಚೆನ್ನಾಗಿದ್ದೀರಾ!) ಎಂದು ಕೂಗುವ ಇನೋಕಿ ಕುಸ್ತಿ ನೋಡದವರಿಗೂ ಪರಿಚಿತರಾದದ್ದು ಹೀಗೆ.

## ಕಠಿಣ ಪ್ರಶ್ನೆಗಳು

ತಾನೇ ಕಟ್ಟಿದ ಸಂಸ್ಥೆಯನ್ನು ಇನೋಕಿಯೇ ಹಾಳುಮಾಡಿದರು ಅನ್ನುವ ಮಾತು ನ್ಯಾಯವೇ?

ಅರ್ಧ ನ್ಯಾಯ. 1980ರ ದಶಕದ ಆರಂಭದಲ್ಲಿ ಟೈಗರ್ ಮಾಸ್ಕ್ ಎಂಬ ಹುಲಿ ಮುಖವಾಡದ ಪಾತ್ರವನ್ನು ಮೊದಲು ತೊಟ್ಟ ಸತೋರು ಸಯಾಮಾ ಜಪಾನನ್ನೇ ಹುಚ್ಚೆಬ್ಬಿಸಿದ್ದರು, ಟಿಕೆಟುಗಳು ಮಾರಿಹೋಗುತ್ತಿದ್ದವು, ಆದರೂ ಕೈಯಲ್ಲಿ ಹಣ ನಿಲ್ಲುತ್ತಿರಲಿಲ್ಲ. ಕಬ್ಬಿನ ಸಿಪ್ಪೆಯಿಂದ ಪಶು ಆಹಾರ ತಯಾರಿಸುವ ಇನೋಕಿ ಅವರ ಬ್ರೆಜಿಲ್ ಉದ್ಯಮ ಹಣವನ್ನು ನುಂಗುತ್ತಿತ್ತು. 1983ರಲ್ಲಿ ಒಳಗಿನವರೇ ದಂಗೆಯೆದ್ದು ಅವರನ್ನು ಅಧ್ಯಕ್ಷ ಸ್ಥಾನದಿಂದ ಕೆಲಕಾಲ ಇಳಿಸಿದರು, ಸಯಾಮಾ ಸಂಸ್ಥೆ ಬಿಟ್ಟರು, ಮರುವರ್ಷ ಅಕಿರಾ ಮಾಯೆದಾ ಮೊದಲಾದವರೂ ಹೋದರು.

ಎರಡನೆಯ ಪೆಟ್ಟು ಇನ್ನೂ ಜೋರು. 2000ರ ಸುಮಾರಿಗೆ ಮಿಶ್ರ ಸಮರಕಲೆಯ ಪ್ರೈಡ್, ಕಿಕ್‌ಬಾಕ್ಸಿಂಗ್‌ನ ಕೆ-1 ಪಂದ್ಯಗಳು ಜನಪ್ರಿಯವಾದಾಗ, ನ್ಯೂ ಜಪಾನಿನ ಕುಸ್ತಿಪಟುಗಳೂ ಅಲ್ಲಿ ನಿಜವಾದ ಕಾದಾಟಕ್ಕೆ ಇಳಿಯಬೇಕೆಂದು ಇನೋಕಿ ಒತ್ತಾಯಿಸಿದರು. ಸಂಸ್ಥೆಯ ಅಗ್ರ ತಾರೆ ಯುಜಿ ನಗಾತಾ 2001ರ ಕೊನೆಯ ದಿನ ಮಿರ್ಕೊ ಕ್ರೊ ಕಾಪ್ ಎದುರು 21 ಸೆಕೆಂಡಿನಲ್ಲಿ, ಎರಡು ವರ್ಷಗಳ ನಂತರ ಫೆಡರ್ ಎಮೆಲಿಯಾನೆಂಕೊ ಎದುರು ಒಂದು ನಿಮಿಷದ ಆಸುಪಾಸಿನಲ್ಲಿ ಸೋತರು. ತಿಂಗಳುಗಟ್ಟಲೆ ಕಟ್ಟಿದ ನಂಬಿಕೆ ಅಷ್ಟರಲ್ಲಿ ಕುಸಿಯಿತು, ಪ್ರೇಕ್ಷಕರು ಚದುರಿದರು, 2005ರಲ್ಲಿ ಇನೋಕಿ ತಮ್ಮ ಪಾಲನ್ನು ಯೂಕ್ಸ್ ಎಂಬ ವಿಡಿಯೊ ಗೇಮ್ ಕಂಪನಿಗೆ ಮಾರಿದರು. ಕುಸ್ತಿಯೇ ಮಿಗಿಲೆಂದು ತೋರಿಸುವ ಹಟವು ಅದಕ್ಕೆ ತರಬೇತಿ ಪಡೆಯದವರನ್ನು ಬಲಿಕೊಟ್ಟಿತು; ಇದರಲ್ಲಿ ಅವರ ತಪ್ಪು ದೊಡ್ಡದು. ಆದರೆ ಸಂಸ್ಥೆಯನ್ನು ಆಮೇಲೆ ಮೇಲೆತ್ತಿದ ಹಿರೋಶಿ ತನಹಾಶಿ ಅವರಂಥವರು ತಯಾರಾದದ್ದೂ ಇನೋಕಿ ತೆರೆದ ಅದೇ ತಾಲೀಮು ಶಾಲೆಯಲ್ಲಿ ಎಂಬುದನ್ನು ಮರೆಯುವಂತಿಲ್ಲ.

ಎಂಎಂಎ (ಮಿಶ್ರ ಸಮರಕಲೆ) ಹುಟ್ಟಿಸಿದ್ದೇ ಇನೋಕಿ ಅನ್ನಬಹುದೇ?

ಒಬ್ಬರೇ ಹುಟ್ಟಿಸಿದರೆನ್ನುವುದು ಅತಿಶಯ. ಬ್ರೆಜಿಲ್ಲಿನ ಗ್ರೇಸಿ ಮನೆತನದ ದಾರಿ ಬೇರೆಯೇ ಇತ್ತು. ಆದರೆ ಜಪಾನಿನ ಮಟ್ಟಿಗೆ ಎಳೆ ಹಿಡಿದು ಹೋದರೆ ಅದು ಇನೋಕಿ ಅವರ ತಾಲೀಮು ಶಾಲೆಗೇ ಮುಟ್ಟುತ್ತದೆ. ಸಯಾಮಾ ಅಲ್ಲಿಂದ ಹೊರಬಿದ್ದು ಶೂಟೊ ಎಂಬ ನಿಜ ಕಾದಾಟದ ಪದ್ಧತಿ ಆರಂಭಿಸಿದರು. ಮಾಯೆದಾ ಮೊದಲು ಯುಡಬ್ಲ್ಯುಎಫ್, ಆಮೇಲೆ ರಿಂಗ್ಸ್ ಕಟ್ಟಿದರು. 1993ರಲ್ಲಿ, ಅಮೆರಿಕದ ಯುಎಫ್‌ಸಿಗಿಂತ ಎರಡು ತಿಂಗಳು ಮೊದಲು, ಪ್ಯಾಂಕ್ರೇಸ್ ಆರಂಭಿಸಿದ ಮಸಕತ್ಸು ಫುನಾಕಿ ಮತ್ತು ಮಿನೋರು ಸುಜುಕಿ ಇಬ್ಬರೂ ನ್ಯೂ ಜಪಾನಿನಲ್ಲೇ ಮೊದಲ ಪಾಠ ಕಲಿತವರು. ಕುಸ್ತಿಯೇ ಅತಿ ಬಲವಾದ ವಿದ್ಯೆ ಎಂದು ಗುರು ಹೇಳಿದ ಮಾತನ್ನು ಈ ಶಿಷ್ಯರು ಅಕ್ಷರಶಃ ನಂಬಿ ಪರೀಕ್ಷೆಗೆ ಹೊರಟರು.

ಪ್ರೇಕ್ಷಕರೇ ಇಲ್ಲದ ದ್ವೀಪದಲ್ಲಿ ಕುಸ್ತಿಯಾಡಿದ್ದು ಹುಚ್ಚುತನ ಅಲ್ಲವೇ?

1987ರ ಅಕ್ಟೋಬರ್ 4ರಂದು ಗನ್ರ್ಯು ದ್ವೀಪದಲ್ಲಿ ಮಾಸಾ ಸೈತೊ ಅವರೊಡನೆ ನಡೆದ ಪಂದ್ಯವಿದು. ಸಮುರಾಯ್ ಮಿಯಾಮೊತೊ ಮುಸಾಶಿ ತನ್ನ ಪ್ರಸಿದ್ಧ ದ್ವಂದ್ವಯುದ್ಧ ಮಾಡಿದ ಸ್ಥಳವೆಂದು ಆ ದ್ವೀಪಕ್ಕೆ ಹೆಸರು. ಬಯಲಿನಲ್ಲಿ ಕಣ ಕಟ್ಟಿ, ಕತ್ತಲಾದ ಮೇಲೆ ದೊಂದಿ ಹೊತ್ತಿಸಿ, ಎರಡು ಗಂಟೆಗೂ ಮೀರಿ ಕಾದಾಡಿ ಇನೋಕಿ ಗೆದ್ದರು. ಅದೇ ದಿನಗಳಲ್ಲಿ ಅವರ ವಿವಾಹ ವಿಚ್ಛೇದನವೂ ಆಗಿತ್ತು. ಟಿಕೆಟ್ ಮಾರದ ಪಂದ್ಯವನ್ನು ವ್ಯಾಪಾರಿ ಯೋಚಿಸಲಾರ. ಇನೋಕಿ ಬರೀ ವ್ಯಾಪಾರಿಯಾಗಿರಲಿಲ್ಲ.

ಕೊನೆಯ ಪಂದ್ಯ ಯಾವುದು? ಹೇಗೆ ತೀರಿಕೊಂಡರು?

1998ರ ಏಪ್ರಿಲ್ 4ರಂದು ಟೋಕಿಯೊ ಡೋಮ್‌ನಲ್ಲಿ, ಸುಮಾರು 70,000 ಜನರೆದುರು, ಡಾನ್ ಫ್ರೈ ಅವರನ್ನು ನಾಲ್ಕು ನಿಮಿಷಗಳಲ್ಲಿ ಸೋಲಿಸಿ ನಿವೃತ್ತರಾದರು. ಕೊನೆಯ ವರ್ಷಗಳಲ್ಲಿ ಅಮೈಲಾಯ್ಡೋಸಿಸ್ ಎಂಬ ಅಪರೂಪದ ಕಾಯಿಲೆ ಅವರ ಹೃದಯವನ್ನು ಬಾಧಿಸಿತು. ಕೃಶವಾದ ಮೈಯನ್ನು ಮುಚ್ಚಿಡದೆ, ಆಸ್ಪತ್ರೆಯ ಹಾಸಿಗೆಯಿಂದಲೇ ಅಭಿಮಾನಿಗಳಿಗೆ ವಿಡಿಯೊ ಮೂಲಕ ಮುಖ ತೋರಿಸಿದರು. 2022ರ ಅಕ್ಟೋಬರ್ 1ರಂದು, 79ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಹೊಸದಾಗಿ ನೋಡುವವರು ಯಾವ ಪಂದ್ಯದಿಂದ ಶುರುಮಾಡಬೇಕು?

ಅಲಿ ಪಂದ್ಯದಿಂದ ಶುರುಮಾಡಬೇಡಿ. ಹಿನ್ನೆಲೆಯಿಲ್ಲದೆ ನೋಡಿದರೆ ಬೇಸರವೇ ಆಗುತ್ತದೆ. ಮೊದಲು 1975ರ ಡಿಸೆಂಬರ್ 11ರಂದು ಬಿಲ್ಲಿ ರಾಬಿನ್ಸನ್ ಅವರೊಡನೆ ನಡೆದ ಅರವತ್ತು ನಿಮಿಷಗಳ ಪಂದ್ಯವನ್ನು ನೋಡಿ. ಗಾಚ್ ಅವರಂತೆಯೇ ವಿಗನ್‌ನಲ್ಲಿ ಪಳಗಿದ ರಾಬಿನ್ಸನ್ ಮೊದಲ ಸರದಿ ಗೆಲ್ಲುತ್ತಾರೆ, ಸಮಯ ಮುಗಿಯಲು ಒಂದು ನಿಮಿಷದ ಆಸುಪಾಸು ಉಳಿದಿರುವಾಗ ಇನೋಕಿ ಆಕ್ಟೋಪಸ್ ಹಿಡಿತದಿಂದ ಸಮ ಮಾಡುತ್ತಾರೆ. ಆಮೇಲೆ 1974ರ ಮಾರ್ಚಿನ ಸ್ಟ್ರಾಂಗ್ ಕೊಬಯಾಶಿ ಪಂದ್ಯ, 1988ರ ಆಗಸ್ಟ್ 8ರಂದು ಶಿಷ್ಯ ತತ್ಸುಮಿ ಫುಜಿನಾಮಿ ಅವರೊಡನೆ ಸಮಬಲದಲ್ಲಿ ಮುಗಿದ ಇನ್ನೊಂದು ಅರವತ್ತು ನಿಮಿಷಗಳ ಪಂದ್ಯ. ಇವು ಮೂರನ್ನು ಮುಗಿಸಿದ ಮೇಲೆ ಅಲಿ ಪಂದ್ಯಕ್ಕೆ ಬನ್ನಿ, ಗುದ್ದುಗಳಿಗಾಗಿ ಕಾಯದೆ ಅಲಿ ಅವರ ಎಡಗಾಲನ್ನೇ ಸುತ್ತಿನಿಂದ ಸುತ್ತಿಗೆ ಗಮನಿಸುತ್ತ ಹೋಗಿ.